ನಾಲ್ಕಕ್ಕೊಮ್ಮೆ

ಹೀನೆಕ್‌ನ ಅಂಗಡಿಯ ಗಾಜಿನ ಮೇಜಿನ ಮೇಲೆ
ಎರಡು ಎಂಜಿನ್. ಅಪ್ಪ ಎಡದ್ದನ್ನು ಎತ್ತಿ
ಅಂಗೈಯಲ್ಲಿ ತೂಗಿ ನೋಡಿದ, ಕೋಳಿಮರಿ ಹಿಡಿದ ಹಾಗೆ.
"ಎರಡು ಹೊಡೆತದ್ದೇ ಸಾಕು. ಇದರ ಹೊಟ್ಟೆಯಲ್ಲಿ ಅಲುಗಾಡುವುದು
ಮೂರೇ ಮೂರು: ಪಿಸ್ಟನ್ನು, ಕಡ್ಡಿ, ಕ್ರ್ಯಾಂಕು.
ಕೆಡಬೇಕೆಂದರೂ ಕೆಡಲು ಏನಿದೆ?"

ಹೀನೆಕ್ ಬಲದ್ದನ್ನು ಮುಂದೆ ಸರಿಸಿದ.
ನೆತ್ತಿಯ ಮೇಲೆರಡು ಕವಾಟ, ಬೆನ್ನಿಗೆ ಬೆಂಕಿಕಡ್ಡಿಯಷ್ಟೇ ದಪ್ಪದ
ಎರಡು ತಳ್ಳುಗೋಲು.
"ಒಳಗೆಳೆ, ಅದುಮು, ಸಿಡಿ, ಉಗುಳು.
ಒಂದೊಂದು ಕೆಲಸಕ್ಕೆ ಒಂದೊಂದು ಹೊಡೆತ, ಅವಸರವಿಲ್ಲ.
ದೊಡ್ಡ ಪ್ರೊಪೆಲರ್ ತಿರುಗಿಸುತ್ತದೆ, ಕುಡಿಯುವುದು ಕಡಿಮೆ.
ನಿಮ್ಮದು ಹಳೇ ಕಾಲದ ಎರಡು ರೆಕ್ಕೆಯ ವಿಮಾನ,
ಅದರ ಮೂತಿಯಲ್ಲಿ ಸೊಳ್ಳೆ ಕೂಗಿದರೆ ಚೆನ್ನವೇ?"
ಬೆಲೆಯನ್ನೂ ಹೇಳಿದ.
ಅಪ್ಪ ಕೇಳಿಸಲಿಲ್ಲವೆಂಬಂತೆ ಕಿಟಕಿಯಾಚೆ ನೋಡಿದ.

ನಿಜಕ್ಕೂ ಕೇಳಿಸಿರಲಿಲ್ಲ.

ನಲವತ್ತು ವರ್ಷ, ಬೆಚ್ವಾ ಹೊಳೆಯ ದಂಡೆಯ ಹುಲ್ಲಿನಲ್ಲಿ,
ಪ್ರತಿ ಭಾನುವಾರ, ಮೊಳದಂತರದಲ್ಲಿ
ಕಿರುಚುವ ಎಂಜಿನ್ನಿಗೆ ಕಿವಿಗೊಟ್ಟವನು.
ಬಲಗೈ ತೋರುಬೆರಳಿನ ತುದಿ
ಪ್ರೊಪೆಲರ್ ಪಾಲಾಗಿ ಬಹಳ ಕಾಲವಾಯಿತು.
ಅಂಗಿಯ ಹರಳೆಣ್ಣೆ ವಾಸನೆ ಹೋಗಲಿಲ್ಲವೆಂದು
ಅಮ್ಮ ಭಾನುವಾರಕ್ಕೇ ಒಂದು ಬೇರೆ ಬಕೆಟ್ ಇಟ್ಟಿದ್ದಳು.
ಯಾರದ್ದೇ ವಿಮಾನ ಕೆಮ್ಮಲಿ, ಬೇಲಿಯಾಚೆಯಿಂದ ಕೂಗು:
"ತ್ಸ್ತಿಬೋರ್, ಒಂದ್ಸಲ ಕಿವಿ ಕೊಡು!"
ಸೂಜಿಯನ್ನು ಕಾಲುಸುತ್ತು ತಿರುಗಿಸುತ್ತಿದ್ದ, ಅಷ್ಟೆ. ಉಗುರೂ ಕೊಳೆಯಾಗದ ವೈದ್ಯ.

ಹೋದ ಜುಲೈ. ಗಸಗಸೆ ಹೊಲದ ಹೂವೆಲ್ಲ ಉದುರಿ
ಕಾಯಿ ಕಟ್ಟಿತ್ತು. ಎಂಜಿನ್ ಒಣಗಿ ಚೀರುತ್ತಿತ್ತು.
ನಾವೆಲ್ಲ ಕಿವಿ ಮುಚ್ಚಿಕೊಂಡೆವು,
ದ್ರಾಹೋಮೀರಳ ಬಾತುಗಳು ಹೊಳೆಗೆ ಬಿದ್ದವು.
ಅಪ್ಪ ಮಾತ್ರ ಬಾಗಿ, ಹುಬ್ಬು ಗಂಟಿಕ್ಕಿ,
"ಇನ್ನೂ ಮಂದ, ಇನ್ನೂ ಮಂದ" ಎನ್ನುತ್ತ
ಸೂಜಿಯನ್ನು ಬಿಗಿಯುತ್ತಲೇ ಹೋದ.
ಮೇಲೇರಿ ಎರಡನೇ ಸುತ್ತಿಗೆ
ಪಿಸ್ಟನ್ ಕಚ್ಚಿಕೊಂಡಿತು. ಆಕಾಶ ಒಮ್ಮೆಲೇ ಸ್ತಬ್ಧ.
ವಿಮಾನ ಗಸಗಸೆಯೊಳಗೆ ಇಳಿದು ಮರೆಯಾಯಿತು.
"ಗಾಳಿ," ಎಂದ ಅಪ್ಪ.
ಹೌದು, ಗಾಳಿ, ಎಂದೆವು ನಾವು.
ಒಂದು ಹುಲ್ಲೂ ಅಲುಗುತ್ತಿರಲಿಲ್ಲ.

ಅದಾದ ಮೇಲೆ ಬೇಲಿಯಾಚೆಯಿಂದ ಯಾರೂ ಕೂಗಲಿಲ್ಲ.

ಈಗ ಹೀನೆಕ್ ಬಲದ ಎಂಜಿನ್ನನ್ನು
ಹಿತ್ತಿಲಿಗೆ ಒಯ್ದು ಹಲಗೆಗೆ ಬಿಗಿದ.
ಇಂಧನ ಹನಿಸಿ, ಕೋಲಿನಿಂದ ಒಂದೇ ಏಟು.
ಡುಬುಡುಬು ಡುಬುಡುಬು,
ಪಕ್ಕದ ಮನೆಯಲ್ಲಿ ಯಾರೋ ಕಂಬಳಿ ಕೊಡವಿದ ಹಾಗೆ.
ಅಪ್ಪನ ಕತ್ತು ತಟ್ಟನೆ ತಿರುಗಿತು.
ಒಂದು ವರ್ಷದಿಂದ ನಾನು ಕಾಣದಿದ್ದ ಮುಖ.
ಹತ್ತಿರ ಹೋದ. ಮೊಂಡು ಬೆರಳೂ ಹೆಬ್ಬೆರಳೂ
ಸೂಜಿಯನ್ನು ಹಿಡಿದವು: ಒಂದು ಕಟಕ್, ಇನ್ನೊಂದು ಕಟಕ್.
ಸದ್ದು ಮೈ ತುಂಬಿಕೊಂಡು ದುಂಡಗಾಯಿತು.
"ಈಗ ಸರಿ," ಎಂದ.
ಹೀನೆಕ್ ನನ್ನ ಕಡೆ ನೋಡಿದ. ಸರಿಯಾಗಿಯೇ ಇತ್ತು.

ಬಸ್ಸಿನುದ್ದಕ್ಕೂ ಗೊಣಗಾಟ.
ಮೂತಿ ಭಾರ, ಬಾಲಕ್ಕೆ ಸೀಸ ಕಟ್ಟಬೇಕು.
ಕವಾಟದ ಸಂದು ಈರುಳ್ಳಿ ಸಿಪ್ಪೆಯಷ್ಟು,
ಅದನ್ನು ಆಗಾಗ ಅಳೆಯುತ್ತ ಕೂರುವವರು ಯಾರು?
ನಾಲ್ಕಕ್ಕೊಮ್ಮೆ ದುಡಿಯುವ ಸೋಮಾರಿ,
ಉಳಿದ ಮೂರು ಹೊಡೆತ ಬರೀ ಉಸಿರಾಟ!
ಡಬ್ಬಿ ನನ್ನ ತೊಡೆಯ ಮೇಲೆ. ಅವನ ಕೈ ಡಬ್ಬಿಯ ಮೇಲೆ.

"ಎಷ್ಟು ಅಂದ ಅವನು?" ಇಳಿಯುವ ಮುಂಚೆ ಕೇಳಿದ.
ಅರ್ಧ ಬೆಲೆ ಹೇಳಿದೆ,
ಎದೆಯಿಂದ, ದಪ್ಪ ದನಿಯಲ್ಲಿ,
ಅವನಿಗೆ ಕೇಳಿಸುವಂಥ ದನಿಯಲ್ಲಿ.