ವಸ್ತಿ

ನೀನು ಮಲಗಿದ್ದೆ, ಮಹಾನಂದಾ,
ಅದಕ್ಕೇ ಈಗ ಹೇಳುತ್ತಿದ್ದೇನೆ, ಬಸ್ಸು ಭಾಲ್ಕಿ ದಾಟಿದ ಮೇಲೆ,
ಕಂಡಕ್ಟರಿಗೆ ಕೇಳದ ಹಾಗೆ.

ನಿನ್ನೆ ಸಂಜೆ ದೇಶಮುಖರ ವಾಡೆಯ ದಿಂಡಿಬಾಗಿಲಲ್ಲಿ
ತಲೆ ತಗ್ಗಿಸಿ ನುಸುಳುವಾಗ ನೀನು ನಕ್ಕೆ:
‘ಹನ್ನೆರಡು ನೂರು ಕೊಟ್ಟರೂ ಬಗ್ಗಬೇಕೇನ್ರಿ?’
ಸೊಸೆ ಪ್ರಯಾಗಬಾಯಿ ಕೀಲಿಗೊಂಚಲು ಸೆರಗಿಗೆ ಗಂಟುಹಾಕಿಕೊಂಡು
ಬುರುಜು ತೋರಿಸಿದರು. ಕುದುರೆ ಕಟ್ಟುತ್ತಿದ್ದ ಕಡೆ
ಎರಡು ಮೋಟರ್‌ಸೈಕಲ್ಲು, ತೊಗರಿ ಚೀಲದ ಒಟ್ಟಲು.
ಗೋಡೆಯ ಫೋಟೋದಲ್ಲಿ ನಿಂತ ರುಮಾಲುಗಳನ್ನೆಲ್ಲ
ಬಲದಿಂದ ಎಡಕ್ಕೆ ಹೆಸರು ಹಿಡಿದು ಕರೆದರು.
ನಡುವೆ ಒಬ್ಬರ ಹೆಸರು ಬರಲಿಲ್ಲ.
‘ಇವರೂ ಒಬ್ಬರು’ ಅಂದು ಮುಂದೆ ಹೋದರು.

ನಾನು ಮಾತ್ರ ಕೆಳಗೆ ನೋಡುತ್ತಿದ್ದೆ.
ನೆಲ ನಮ್ಮೂರಿನದು. ಶಹಾಬಾದಿನ ಕಲ್ಲು,
ಎರಡಡಿಗೆ ಎರಡಡಿ, ಕೈಉಳಿಯಲ್ಲಿ ಸಂದು ಕೂಡಿಸಿದ್ದು.
ಈಗ ನಾವು ಯಂತ್ರಕ್ಕೆ ಹಾಕುತ್ತೇವೆ, ಅಂಚು ಬ್ಲೇಡಿನ ಹಾಗೆ ಬರುತ್ತದೆ;
ಇದರ ಅಂಚು ರೊಟ್ಟಿಯ ಅಂಚು.
ಚಪ್ಪಲಿ ಬಿಟ್ಟು ನಿಂತೆ. ಅಷ್ಟು ದೊಡ್ಡ ಮನೆಯಲ್ಲಿ
ನನ್ನ ಗುರುತು ಹಿಡಿದದ್ದು ಅದೊಂದೇ.

ಊಟಕ್ಕೆ ಪುಂಡಿಪಲ್ಯ, ಶೇಂಗಾಹಿಂಡಿ.
ಮೂರನೇ ರೊಟ್ಟಿಗೆ ನೀನು ಕೈ ಅಡ್ಡ ಹಿಡಿದೆ,
ಅವರು ಬೆರಳ ಸಂದಿಯಿಂದ ನಾಲ್ಕನೆಯದನ್ನೂ ಜಾರಿಸಿದರು.
ರೊಕ್ಕ ಕೊಟ್ಟು ಉಣ್ಣುವಲ್ಲಿಯೂ
ಒತ್ತಾಯ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಂಚ ನೆನಪಿದೆಯಲ್ಲ, ಹತ್ತಲು ಮಣೆ ಇಟ್ಟಿದ್ದರು.
ದಿಂಬಿನ ಕೆಳಗೆ ನನಗೊಂದು ಅಡಕೊತ್ತು ಸಿಕ್ಕಿತು,
ಹಿಡಿಯಲ್ಲಿ ಇನ್ನೂ ಯಾರದೋ ಬೆರಳ ಜಿಡ್ಡು.
ನಿನಗೆ ಹೇಳಲಿಲ್ಲ. ಇದ್ದಲ್ಲೇ ಇಟ್ಟೆ.

ಎರಡು ಗಂಟೆ ಇರಬೇಕು. ಬಾಗಿಲಿಗೆ ಅಗಳಿ ಇರಲಿಲ್ಲ.
ಉಣ್ಣೆಟೊಪ್ಪಿಗೆ, ಕೈಯಲ್ಲಿ ಬ್ಯಾಟರಿ,
ಮಾಣಿಕರಾವ, ಅವರ ಮಾವ. ಸಂಜೆ ಪಡಸಾಲೆಯಲ್ಲಿ
ಮಡಿಚಿಟ್ಟ ಹಾಸಿಗೆಯ ಪಕ್ಕ ಕೂತಿದ್ದರಲ್ಲ, ಅವರೇ.
ಮಾಡದಲ್ಲಿದ್ದ ಧೋತರ ತೆಗೆದು, ಕೊಡವಿ,
ನಮ್ಮ ಬ್ಯಾಗಿನ ಮೇಲೆ ನೆಟ್ಟಗೆ ಇಟ್ಟರು.
‘ಕಲಬುರಗಿ ಗಾಡಿ ಎಷ್ಟಕ್ಕದ?’
ಆರಕ್ಕೆ ಅಂದೆ.
‘ನಾ ಹೊಂಟೀನ್ರಿ. ನಿಮ್ಮಲ್ಲಿ ಭಾಳ ದಿನ ಆತು ಇದ್ದು.
ಹೆಣ್ಮಕ್ಕಳಿಗೆ ತ್ರಾಸ ಆಗಬಾರದು.
ಎಷ್ಟಾತು, ಹೇಳಿಬಿಡ್ರಿ.’

ಲೆಕ್ಕದಲ್ಲಿ ನಾನು ಸೋತವನಲ್ಲ,
ಚದರಡಿ, ಹಮಾಲಿ, ಒಡೆದದ್ದಕ್ಕೆ ಕಡಿತ, ಎಲ್ಲ ಬಾಯಲ್ಲೇ.
ಎಂಬತ್ತೈದು ವರ್ಷದ ರಾತ್ರಿಗಳು, ರಾತ್ರಿಗೆ ಹನ್ನೆರಡು ನೂರು.
ಅವರ ಕೈ ಅಂಗಿಯ ಕಿಸೆಯಲ್ಲಿ ತಡಕುತ್ತಲೇ ಇತ್ತು.
‘ಇದು ನಿಮ್ಮ ಮನಿನೇ’ ಅನ್ನಬೇಕಿತ್ತು.
ಹಾಗಂತ ನಾವು ಬೀಗರಿಗೂ ಅನ್ನುತ್ತೇವೆ, ಯಾರು ನಂಬುತ್ತಾರೆ?
‘ಇನ್ನೊಂದು ದಿನ ಇದ್ದು ಹೋಗ್ರಿ’ ಅಂದೆ.

ಸ್ವಲ್ಪ ಹೊತ್ತು ಯೋಚಿಸಿದರು.
‘ಇಷ್ಟು ಅಂತೀರಿ ಅಂದಮೇಲೆ...’
ಮಣೆ ಹತ್ತಿ ನನ್ನ ಪಕ್ಕ ಅಡ್ಡಾದರು.
ದಿಂಬಿನ ಕೆಳಗೆ ಕೈ ಹೋಯಿತು, ಅಡಕೊತ್ತು ಸಿಕ್ಕಿತು,
ಉಸಿರು ಸಮ ಆಯಿತು.
ಗೋಡೆಯ ಕಡೆಯಿಂದ ನೀನು ಕೌದಿ ಎಳೆದುಕೊಂಡೆ.
ಉಳಿದದ್ದರಲ್ಲಿ ಅರ್ಧ ಅವರಿಗೆ ಹೊದಿಸಿ
ನಾನು ಬೆಳಗಿನ ತನಕ ತೊಲೆ ಎಣಿಸಿದೆ. ಹದಿನೇಳು.

ನಸುಕಿಗೆ ಜಾಗ ಖಾಲಿ, ಇನ್ನೂ ಬೆಚ್ಚಗೆ.
ಪ್ರಯಾಗಬಾಯಿ ಚಹಾ ತಂದರು.
‘ರಾತ್ರಿ ತ್ರಾಸ ಏನೂ ಆಗಲಿಲ್ಲಲ್ಲ?’
ಇಲ್ರಿ, ಅಂದೆ. ನೀನೂ ಇಲ್ರಿ ಅಂದೆ.
ಪಾವತಿ ಬರೆಯುತ್ತ ‘ಇಬ್ಬರು’ ಅನ್ನುವಲ್ಲಿ
ಅವರ ಪೆನ್ನು ನಿಂತದ್ದನ್ನು ನಾನು ನೋಡಿದೆ.

ಪಡಸಾಲೆಯಲ್ಲಿ ಮಾಣಿಕರಾವ ನನ್ನನ್ನು ಮೇಲಿಂದ ಕೆಳಗೆ ನೋಡಿ,
ಎಂದೂ ಕಾಣದವರ ಹಾಗೆ, ‘ಯಾವೂರು?’ ಅಂದರು.
‘ಶಹಾಬಾದ್ರಿ.’
ಕೋಲಿನಿಂದ ನೆಲ ಬಡಿದರು ಎರಡು ಸಲ.
‘ಇದೂ ಅಲ್ಲಿಂದನೇ ಬಂದದ. ಆಮ್ಯಾಲೆ ಹೋಗೇ ಇಲ್ಲ.’

ಕೇಳುತ್ತಿದ್ದೀಯಾ?
ಇಲ್ಲ, ಮತ್ತೆ ನಿದ್ದೆ, ಭುಜದ ಮೇಲೆ ಭಾರ.
ಏಳು, ಹುಮನಾಬಾದ್ ಬಂತು.
ಹತ್ತು ನಿಮಿಷ ನಿಲ್ಲುತ್ತದೆ.