ಕರೆಯೋಲೆಯ ಮೂರನೇ ಪ್ರೂಫ್

ಗೋಪಿ ಸರ್ಕಲ್ಲಿನ ಹಿಂದೆ, ಮೆಟ್ಟಿಲ ಕೆಳಗೆ ನನ್ನ ಅಂಗಡಿ:
ಒಂದು ಕಂಪ್ಯೂಟರ್, ಕೆಮ್ಮುವ ಒಂದು ಜೆರಾಕ್ಸ್ ಯಂತ್ರ,
ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ
ಎಲ್ಲಕ್ಕೂ ಅದೇ ಅಂಚು, ಅದೇ ಹೂಬಳ್ಳಿ.

ಮೊದಲ ಪ್ರೂಫಿನಲ್ಲಿ ತಪ್ಪು ನನ್ನದೇ.
'ಪ್ರಬಂಧಗಳಿಗೆ ಕರೆ' ಎಂದಿರಬೇಕಾದಲ್ಲಿ
'ಪ್ರಬಂಧಗಳಿಗೆ ಕೆರೆ' ಎಂದು ಬಿದ್ದಿತ್ತು.
ಒಂದು ಎತ್ವ ಹೆಚ್ಚು.
ಶ್ರೀಪಾದ ಜೋಯಿಸರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ
"ಲವೀನಾ, ಸಮಾವೇಶ ಕೆರೆಯ ಬಗ್ಗೆ. ಕರೆ ಬೇರೆ" ಅಂದರು.
ನಗಲಿಲ್ಲ.

ಎರಡನೆಯದು ಚೊಕ್ಕ.
ಸಾರಾಂಶ ಮುನ್ನೂರು ಪದ ಮೀರತಕ್ಕದ್ದಲ್ಲ,
ಕೀಲಿಪದ ಐದು, ಆಕರಸೂಚಿ ಕಡ್ಡಾಯ,
ಪೂರ್ಣ ಪ್ರಬಂಧದೊಡನೆ ಹುದ್ದೆ, ಸಂಸ್ಥೆ, ಇಮೇಲ್ ವಿಳಾಸ,
ತಡವಾಗಿ ಬಂದವನ್ನು ಪರಿಗಣಿಸಲಾಗುವುದಿಲ್ಲ.
ನಾನು ಟೈಪು ಮಾಡುವವಳು.
ಅರ್ಥ ನನ್ನ ರೇಟಿನಲ್ಲಿ ಸೇರಿಲ್ಲ.

ಆಧಾರ್ ಕಾರ್ಡಿನ ನಕಲಿಗೆಂದು ಬಂದವನು ಗುತ್ಯಪ್ಪ,
ಸೊರಬದ ಕಡೆಯವನು, ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ.
ಟ್ರೇಯಲ್ಲಿದ್ದ ಹಾಳೆಯನ್ನು ಬೆರಳಿಟ್ಟು ಓದಿದ,
ಜಾರುವ ಬದುವಿನ ಮೇಲೆ ಹೆಜ್ಜೆಯಿಡುವ ಹಾಗೆ.
"ಇದು ಕೆರೆ ಇಚಾರಾನಾ ಅಮ್ಮಾ?"
ಹೌದು ಅಂದೆ.
"ನಾವು ನೀರುಗಂಟಿಗಳು. ತೂಬು ಎತ್ತಾದು, ಇಳಸಾದು.
ಪೂರ್ಣ ಅಂತ ಐತಲ್ಲ ಇಲ್ಲಿ...
ನಂಗೆ ಗೊತ್ತಿರಾದು ಅರ್ಧ.
ಉಳಿದರ್ಧ ಅಪ್ಪನ ಜೊತೆ ಹೋತು.
ಅರ್ಧ ತಗಂತಾರಾ?"

ಹಾಳೆಯಲ್ಲಿ ಉತ್ತರವಿರಲಿಲ್ಲ. ಅಡಿಟಿಪ್ಪಣಿಯಲ್ಲೂ.

ಕಾಯುತ್ತ ಕೂತವನು ತಾನಾಗಿ ಹೇಳಿದ:
ತೂಬಿಗೆ ಒಂದೇ ಕಣ್ಣಲ್ಲವಂತೆ,
ಮೇಲೊಂದು, ನಡುವೊಂದು, ಕೆಸರಿನ ಹತ್ತಿರ ಇನ್ನೊಂದು.
ನೀರು ಇಳಿದ ಹಾಗೆ ಕೆಳಗಿನದನ್ನು ಬಿಚ್ಚುತ್ತ ಬರಬೇಕು.
ಮೇಲಿನ ಕಣ್ಣನ್ನೇ ನಂಬಿ ಕೂತರೆ
ಕೆರೆಯಲ್ಲಿ ನೀರಿದ್ದೂ ಕಡೆಗದ್ದೆ ಬಿರುಕು ಬಿಡುತ್ತದೆ.

ಜೋಯಿಸರಿಗೆ ಫೋನು ಹಚ್ಚಿದೆ.
"ಮಾನದಂಡ" ಅಂದರು. "ಗುಣಮಟ್ಟ" ಅಂದರು.
ಆಮೇಲೆ ಆ ಕಡೆಯಿಂದ ಫ್ಯಾನಿನ ಸದ್ದು ಮಾತ್ರ.
"ಸರಿ, ನೀನೇ ಬರಿ. ನೋಡ್ತೀನಿ."

ಬರೆದೆ. ಹೂಬಳ್ಳಿ ತೆಗೆದೆ, ಅಕ್ಷರ ದಪ್ಪ ಮಾಡಿದೆ:

ಬರೆಯುವವರು ಬರೆದು ಕಳಿಸಿ, ಎಂಟು ಪುಟ ಸಾಕು.
ಎಲ್ಲಿಂದ ತಿಳಿಯಿತೆಂದು ಕೊನೆಯಲ್ಲಿ ಹೇಳಿ,
ಪುಸ್ತಕವಾದರೆ ಪುಸ್ತಕ, ಅಜ್ಜಿಯಾದರೆ ಅಜ್ಜಿಯ ಹೆಸರು.
ಹೇಳುವವರು ಬಂದು ಹೇಳಿ. ಬರೆದುಕೊಳ್ಳುವುದು ನಮ್ಮ ಕೆಲಸ,
ಮೇಲಿರುವುದು ನಿಮ್ಮ ಹೆಸರು.
ಓದಿ ಕೇಳಿಸಿ, ನೀವು ಹೂಂ ಅಂದ ಮೇಲೇ ಅಚ್ಚಿಗೆ.
ಬಲೆ, ಅಳತೆಕೋಲು, ಹೂಳಿನಲ್ಲಿ ಸಿಕ್ಕ ಮಡಕೆಚೂರು
ಇದ್ದವರು ತನ್ನಿ, ಮೇಜು ಕೊಡುತ್ತೇವೆ.
ಮಕ್ಕಳ ಚಿತ್ರಕ್ಕೆ ಹೆಡ್ಮಾಸ್ತರ ಸಹಿ ಬೇಡ.
ಸಂಸ್ಥೆ ಇಲ್ಲದವರು ಊರಿನ ಹೆಸರು ಬರೆಯಿರಿ.
ಬಸ್ ಟಿಕೆಟ್ ಬಿಸಾಡಬೇಡಿ, ದುಡ್ಡು ಕೊಡುತ್ತೇವೆ.
ಕೊನೆಯ ದಿನ: ಶಿವರಾತ್ರಿ ಕಳೆದ ಎರಡನೇ ಸೋಮವಾರ,
ದೀಪ ಹಚ್ಚುವ ಹೊತ್ತಿನವರೆಗೆ.
ಅರ್ಧ ಗೊತ್ತಿದ್ದರೂ ಬನ್ನಿ.

ಪ್ರೂಫ್ ವಾಪಸು ಬಂತು.
ದುಡ್ಡು ಹೋಗಿ ಪ್ರಯಾಣವೆಚ್ಚ ಆಗಿತ್ತು, ಹೂಂ ಹೋಗಿ ಒಪ್ಪಿಗೆ.
ನಾನು ಎರಡನ್ನೂ ಮತ್ತೆ ಹಿಂದಕ್ಕೆ ತಂದೆ, ಅವರು ಗಮನಿಸಲಿಲ್ಲ,
ಅಥವಾ ಗಮನಿಸಿದರು.
ಕೊನೆಯ ಸಾಲಿನ ಮೇಲೆ ಉದ್ದಕ್ಕೂ ಕೆಂಪು ಗೆರೆ.
ಗೆರೆಯ ಪಕ್ಕದಲ್ಲಿ, ಬಹುಶಃ ಮರುದಿನ, ಬೇರೆ ಪೆನ್ನಿನಲ್ಲಿ,
ಸಣ್ಣಗೆ: ಇರಲಿ.

ಸೋಮವಾರ ಗುತ್ಯಪ್ಪ ಕಾಲೇಜಿಗೆ ಹೋಗಲಿಲ್ಲ, ನನ್ನಲ್ಲಿಗೆ ಬಂದ.
"ಹೇಳಾದು ಇಲ್ಲೇ ಅಲ್ಲನಾ?"
ಹೊಸ ಫೈಲು ತೆರೆದೆ. ಹೆಸರು?
"ಮೊದ್ಲು ಅಪ್ಪಂದು ಹಾಕಿ."
ಆಮೇಲೆ ಜೇಬು ತಡಕಿ,
ಅವತ್ತಿನ ಜೆರಾಕ್ಸಿನ ಎರಡು ರೂಪಾಯಿ ಬಾಕಿ ಅಂತ
ನಾಣ್ಯವನ್ನು ಕೀಬೋರ್ಡಿನ ಪಕ್ಕ ಇಟ್ಟ, ಗಂಟಲು ಸರಿಮಾಡಿಕೊಂಡ.
"ನಮ್ಮ ಕೆರೆ..."

ಎತ್ವ ಹಾಕಿದೆ.