ತಲೆಕೆಳಗಾದ ಓಲೆ

ತಿಂಗಳ ಮೊದಲ ಭಾನುವಾರ ಟಿಕೆಟ್ಟಿಲ್ಲ.
ಒಳಗೆ ಬೆಚ್ಚಗಿರುತ್ತದೆ ಎಂದೇ ಹೋದೆ, ನಿಜ ಹೇಳಬೇಕೆಂದರೆ.
ಲಿಯೋನಿನಲ್ಲಿ ಜನವರಿ, ಎರಡೂ ನದಿಗಳ ಮೇಲಿಂದ ಗಾಳಿ,
ಎಕ್ಸ್‌ರೇ ವಿಭಾಗದ ರಾತ್ರಿಪಾಳಿ ಆಗಷ್ಟೇ ಮುಗಿದಿತ್ತು.

ಮೂರನೇ ಕೋಣೆಯ ತುಂಬ ಬುದ್ಧರು. ಮೈಯಿದ್ದರೆ ತಲೆಯಿಲ್ಲ,
ತಲೆಯಿದ್ದರೆ ಮೈ ಇನ್ನಾವ ದೇಶದಲ್ಲೋ.
ಮೂಗು ಮುರಿದವನ ಎದುರು ನಿಂತು, ಅಭ್ಯಾಸಬಲ,
ಬಿರುಕು ಎಲ್ಲಿಂದ ಶುರುವಾಯಿತೆಂದು ಹುಡುಕುತ್ತಿದ್ದೆ.
ನೀಲಿ ಕೋಟಿನ ಅಜ್ಜಿಯೊಬ್ಬರು ತಡೆದು ಕೇಳಿದರು:
"ಕೈ ಹೀಗೆ ಹಿಡಿದರೆ ಏನರ್ಥ? ನಿಮಗೆ ಗೊತ್ತಿರಬೇಕು."
ಗೊತ್ತಿರಲಿಲ್ಲ. "ಸ್ವಲ್ಪ ತಾಳಿ, ಅಂತ" ಎಂದೆ.
ಅವರು ಬರೆದುಕೊಂಡರು.

ಆಮೇಲೆ ಮೂಲೆಯ ಗಾಜಿನೊಳಗೆ ಓಲೆಗರಿ.
ಚೀಟಿ: ದಕ್ಷಿಣ ಭಾರತ. ಪ್ರಾರ್ಥನೆ.
ಅಕ್ಷರಗಳು ಬಾವಲಿಗಳಂತೆ ನೇತಾಡುತ್ತಿವೆ,
ತಲೆಕಟ್ಟು ಕೆಳಗೆ, ಒತ್ತು ಮೇಲೆ.
ಪಕ್ಕೆಲುಬಿನ ಫಿಲ್ಮು ಬುಡಮೇಲು ಸಿಕ್ಕಿಸಿದರೂ
ಹಿಡಿದುಬಿಡುವ ಕಣ್ಣು ನನ್ನದು.
ಸೊಂಟ ಬಗ್ಗಿಸಿ, ಕತ್ತು ತಿರುಚಿ,
ಒಂದನೇ ಕ್ಲಾಸಿನವಳ ಹಾಗೆ ತುಟಿಯಾಡಿಸುತ್ತ ಓದಿದೆ:

ಗುತ್ತೆವ್ವನ ಕಡೆ ಬೆಲ್ಲ ಆರಚ್ಚು
ಎಣ್ಣೆ ಸೊಲಿಗೆ ಎರಡು
ಬಾಕಿ

ಬಾಕಿ ಎಷ್ಟೆನ್ನುವ ಕಡೆ ಹುಳ ತಿಂದಿದೆ.

ನಕ್ಕೆನೆಂದು ಕಾಣುತ್ತದೆ, ಕಾವಲಿನವನು ಬಂದ.
ಎದೆಯ ಬಿಲ್ಲೆಯ ಮೇಲೆ ವಿಬೋಲ್ ಎಂದಿತ್ತು.
ಹೇಳಿದೆ. "ಫಾರ್ಮು ಬಾಗಿಲ ಹತ್ತಿರ ಸಿಗುತ್ತದೆ" ಎಂದ,
ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ:
"ಕೆಳಗೆ ನಮ್ಮ ಕಡೆಯದೊಂದು ಕಲ್ಲಿದೆ.
ಕೆಲವರು ಅದಕ್ಕೆ ಕೈ ಮುಗಿಯುತ್ತಾರೆ.
ಒಂಬತ್ತು ವರ್ಷ ಅದರ ಪಕ್ಕ ನಿಂತು ಕೂಡಿಸಿ ಕೂಡಿಸಿ ಓದಿದೆ.
ಗುಡಿಗೆ ಬಿಟ್ಟ ಆಳುಗಳ ಪಟ್ಟಿ.
ಒಬ್ಬನ ಹೆಸರು ನಾಯಿ. ಒಬ್ಬಳದು..."
ಅವಳ ಹೆಸರನ್ನು ಖ್ಮೇರ್‌ನಲ್ಲೇ ಹೇಳಿ, ಫ್ರೆಂಚ್ ಸಿಗದೆ
ಮೂರು ಬೆರಳು ಸೇರಿಸಿ ಮೂಗಿಗೆ ಹಿಡಿದು ತೋರಿಸಿದ.
ಮಲ್ಲಿಗೆ, ಎಂದೆ ನಾನು, ಅವನಿಗೆ ತಿಳಿಯದ ಮಾತಿನಲ್ಲಿ.
ಹೌದು ಹೌದು, ಎಂದ.

ಹೊರಡುವ ಮುಂಚೆ ಇನ್ನೊಮ್ಮೆ ಬಗ್ಗಿದೆ,
ಹುಳದ ತೂತಿನಂಚಿಗೆ ಅಂಕಿಯ ಬಾಲವೇನಾದರೂ ಉಳಿದಿದೆಯೇ ಎಂದು.
ಹಿಂದೆ ಆ ಅಜ್ಜಿಯೂ ಬಗ್ಗಿದರು, ಹೀಗೇ ನೋಡಬೇಕೇನೋ ಎಂದು,
ಅವರ ಹಿಂದೆ ಕ್ಯಾಮೆರಾದ ಗಂಡಹೆಂಡಿರು,
ಒಬ್ಬ ಹುಡುಗನಂತೂ ಕಾಲ ನಡುವಿನಿಂದ ತಲೆ ತೂರಿಸಿ.
ಒಂದು ಗಳಿಗೆ ಕೋಣೆಗೆ ಕೋಣೆಯೇ
ಗುತ್ತೆವ್ವನ ಬಾಕಿಯ ಮುಂದೆ ತಲೆಬಾಗಿತ್ತು.
ವಿಬೋಲ್ ಗೋಡೆಯ ಕಡೆ ತಿರುಗಿ ನಿಂತಿದ್ದ, ಭುಜ ಕುಲುಕುತ್ತಿತ್ತು.

ಫಾರ್ಮನ್ನು ಟ್ರಾಮಿನಲ್ಲಿ ಬಿಡಿಸಿದೆ.
ಹೆಸರು, ವಿಳಾಸ, ದಿನಾಂಕ.
ವಸ್ತುವಿಗೂ ನಿಮಗೂ ಏನು ಸಂಬಂಧ?
ಎರಡು ಗೆರೆ ಜಾಗ ಬಿಟ್ಟಿದ್ದಾರೆ.